ಬಚ್ಚಲ ಬದಿಯ ಸಾಲು

೨೯ ಜನವರಿ ೨೦೦೧, ಸೋಮವಾರ

ಸಾಬೂನು ಕಂಪನಿಯ ಏಜೆಂಟ ಅಂಗಡಿಗೆ ಕೊಟ್ಟುಹೋದ ಬಿಟ್ಟಿ ಡೈರಿ ಇದು. ಇವರಿಗೆ ಬೇಡವಂತೆ. ಅಂಗಡಿಯ ಲೆಕ್ಕವೆಲ್ಲ ತಲೆಯಲ್ಲೇ ಇರುವ ಮನುಷ್ಯನಿಗೆ ಡೈರಿ ಯಾಕೆ? ಜನವರಿಯ ಹಾಳೆಗಳು ಖಾಲಿ ಹೋದವು. ಹೋಗಲಿ, ಆಗ ನಾನು ಪಾರಿಶ್ವಾಡದ ತವರುಮನೆಯಲ್ಲಿ ಗೋಡೆ ನೋಡುತ್ತ ಮಲಗಿದ್ದೆ.

ನಿನ್ನೆ ಅಪ್ಪ ಬೆಳಗಾವಿಗೆ, ಖಾಸಬಾಗದ ಗಂಡನ ಮನೆಗೆ ತಂದು ಬಿಟ್ಟುಹೋದ. ಬಾಣಂತನ ಮುಗಿಯಿತು, ಕೂಸಿಲ್ಲದ ಬಾಣಂತನ. ಹೊಟ್ಟೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆ ಇಟ್ಟು, ಅಳವಿ ಪಾಯಸ ಕುಡಿಸಿ ಅವ್ವ ಎಲ್ಲವನ್ನೂ ಕ್ರಮವಾಗಿ ಮಾಡಿದಳು, ತೊಟ್ಟಿಲು ಕಟ್ಟುವುದೊಂದನ್ನು ಬಿಟ್ಟು.

ಕಳೆದ ದೀಪಾವಳಿಗೆ ಮುಂಚೆ, ದಿನ ತುಂಬುವ ಮೊದಲೇ ನೋವು ಬಂತು. ತವರಿನಿಂದ ಜೀಪಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ತಂದರು. ಗಂಡು ಕೂಸು, ಉಸಿರಿರಲಿಲ್ಲ. ನನಗೆ ಎಚ್ಚರವಾಗುವ ಹೊತ್ತಿಗೆ ಇವರೂ ಅತ್ತೆಯೂ ಕೂಸನ್ನು ಎತ್ತಿಕೊಂಡು ಹೋಗಿದ್ದರು. ನಾನು ಮುಖ ನೋಡಲಿಲ್ಲ. ಎಲ್ಲಿ ಇಟ್ಟಿರಿ ಎಂದು ಕೇಳಿದರೆ ಇವರು "ಗುಂಜಿ ಊರಾಗಿನ ನಮ್ಮ ಹೊಲದಾಗ" ಎನ್ನುತ್ತಾರೆ. ಅತ್ತೆ "ಅದನ್ನೆಲ್ಲಾ ನೆನಸಬ್ಯಾಡ ನನ್ನವ್ವಾ" ಎನ್ನುತ್ತಾರೆ. ಹಾಗೆ ಹೇಳುವಾಗ ಇಬ್ಬರೂ ನನ್ನ ಮುಖ ನೋಡುವುದಿಲ್ಲ.

ಒಮ್ಮೆ ಬರೆದಾಯಿತು, ಇನ್ನು ಬರೆಯುವುದಿಲ್ಲ. ಈ ಡೈರಿ ಟೊಮ್ಯಾಟೊ ಗಿಡಗಳಿಗೆ. ಅಪ್ಪ ಹಸಿ ಗೋಣಿತಾಟಿನಲ್ಲಿ ಸುತ್ತಿ ಸಸಿ ಕೊಟ್ಟುಹೋಗಿದ್ದಾನೆ. "ಕೈಗೆ ಕೆಲಸ ಇರ್ಲಿ ಮಗಳ" ಎಂದ.

೩ ಫೆಬ್ರವರಿ, ಶನಿವಾರ

ಹಿತ್ತಲು ಹದ ಮಾಡಿ ನಾಲ್ಕು ಸಾಲು ಸಸಿ ಹಚ್ಚಿದೆ. ಮೂರು ಬಾವಿಯ ಕಡೆಗೆ, ನಾಲ್ಕನೆಯದು ಬಚ್ಚಲ ಬದಿಗೆ. ಆ ಮೂಲೆಗೆ ಇಡೀ ದಿನ ಬಿಸಿಲು. ಮಣ್ಣೂ ಮೆತ್ತಗಿತ್ತು, ಕುರುಪಿ ತಾನಾಗಿಯೇ ಇಳಿಯುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಒಮ್ಮೆಲೇ ಓಡಿ ಬಂದರು.

"ಅಲ್ಲಿ ಬ್ಯಾಡ ಕಾಂತಾ. ಈ ಕಡೆ ಹಚ್ಚು."

"ಯಾಕ್ರಿ ಅತ್ತಿ? ಇಲ್ಲೇ ಚೊಲೊ ಬಿಸಲ ಬರತೈತಿ."

"ಬಚ್ಚಲ ನೀರ ಹರಿಯೂ ಜಾಗಾ ಅದು. ಮೈಲಗಿ."

"ಟಮಾಟಿಗೆ ಎಂಥಾ ಮೈಲಗೀರಿ?"

ಬಸವಣ್ಣನ ಒಕ್ಕಲು ಎಂದು ಹೇಳಿಕೊಳ್ಳುವವರು ಟೊಮ್ಯಾಟೊಗೂ ಮೈಲಿಗೆ ಹುಡುಕುತ್ತಾರೆ. ನಾನು ಹಟಕ್ಕೆ ಬಿದ್ದು ಅಲ್ಲಿಯೇ ಹಚ್ಚಿದೆ. ಅತ್ತೆ "ಆಳಕ್ಕ ಅಗೀಬ್ಯಾಡ ಹಂಗಾರ" ಎಂದಷ್ಟೇ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಊಟಕ್ಕೆ ಬಂದ ಇವರು ಕೈ ತೊಳೆಯಲು ಹೋಗಿ, ಆ ಸಾಲು ನೋಡಿ, ಚೊಂಬು ಹಿಡಿದು ನಿಂತೇಬಿಟ್ಟರು. ನೀರೆಲ್ಲ ಕಾಲ ಮೇಲೆ ಸುರಿದುಹೋಯಿತು. ರೊಟ್ಟಿ ಅರ್ಧಕ್ಕೆ ಬಿಟ್ಟು ಅಂಗಡಿಗೆ ಹೋದರು. ಕೇಳದೆ ಹಚ್ಚಿದೆ ಎಂದು ಸಿಟ್ಟಿರಬೇಕು. ನನ್ನ ಗಂಡ ಗುರುಪುತ್ರಪ್ಪನವರ ಕಿರಾಣಿ ಅಂಗಡಿ ಪೇಟೆಯಲ್ಲಿ ಹೆಸರಾಗಿರುವುದು ತಕ್ಕಡಿಗೆ. ಮುಳ್ಳು ನಿಲ್ಲುವವರೆಗೂ ಒಂದೊಂದೇ ಕಾಳು ಹಾಕುತ್ತಾರೆ, ಹೆಚ್ಚಾದರೆ ಒಂದೊಂದೇ ತೆಗೆಯುತ್ತಾರೆ. ಮೋಸವಿಲ್ಲ, ಕೊಸರೂ ಇಲ್ಲ. "ನಿನ್ನ ಗಂಡ ಪ್ರಸಾದಾನೂ ತೂಗೇ ಕೊಡತಾನ" ಎಂದು ಅಪ್ಪ ನಗುತ್ತಾನೆ. ಮಾತನ್ನೂ ಹಾಗೆಯೇ ಕೊಡುತ್ತಾರೆ.

೨೧ ಫೆಬ್ರವರಿ, ಬುಧವಾರ. ಶಿವರಾತ್ರಿ

ಬಾವಿ ಕಡೆಯ ಮೂರು ಸಾಲು ಗೇಣುದ್ದ ದಾಟಿವೆ. ಬಚ್ಚಲ ಬದಿಯದು ಹಚ್ಚಿದ ದಿನ ಎಷ್ಟಿತ್ತೋ ಅಷ್ಟೇ. ಬಾಡಿಲ್ಲ, ಸತ್ತಿಲ್ಲ. ಎಲೆ ಕಡುಹಸಿರು, ಅಂಚು ಮಾತ್ರ ಸುಟ್ಟಂತೆ ಕಂದು. ಒಂದೇ ತಾಕಿನ ಸಸಿ, ಒಂದೇ ಬಾವಿಯ ನೀರು, ಹಚ್ಚಿದ್ದು ಒಂದೇ ಕೈ. ಇವಕ್ಕೇನು ಧಾಡಿ?

ಪಕ್ಕದ ಮನೆಯ ಸಾವಂತ್ರವ್ವ ಗೋಡೆಯ ಮೇಲಿಂದ ಇಣುಕಿದಳು. "ದೃಷ್ಟಿ ತಾಗೇತಿ ತಗೋ. ಒಂದ ಹಳೇ ಕೆರಾ ಕಟ್ಟು." ದೃಷ್ಟಿಯ ವಿಷಯ ಆಕೆಗೆ ಚೆನ್ನಾಗಿ ಗೊತ್ತು. ನನ್ನನ್ನು ಕಂಡಾಗಲೆಲ್ಲ ಸೊಂಟದ ಮೇಲಿನ ಮೊಮ್ಮಗಳು ಸಮೃದ್ಧಿಯ ಮುಖಕ್ಕೆ ಸೆರಗು ಎಳೆಯುತ್ತಾಳೆ. ನನಗೆ ಉರಿದುಹೋಗುತ್ತದೆ. ನಾನೇನು ಆ ಕೂಸನ್ನು ತಿಂದುಬಿಡುತ್ತೇನೆಯೇ?

೪ ಮಾರ್ಚ್, ಭಾನುವಾರ

ತಿಪ್ಪೆಗೊಬ್ಬರ ಹಾಕಿದೆ. ಶೇಂಗಾ ಹಿಂಡಿ ನೆನೆಸಿ ಹಾಕಿದೆ. ಹುಳು ಇರಬಹುದೆಂದು ಬೇವಿನ ಎಲೆ ಕುದಿಸಿ ಹಾಕಿದೆ. ನೀರು ಹೆಚ್ಚು ಕೊಟ್ಟೆ, ಆಮೇಲೆ ಕಡಿಮೆ ಮಾಡಿದೆ. ಬಾವಿ ಕಡೆಯವು ಹೂ ಕಟ್ಟುತ್ತಿವೆ. ಇವು ಹಾಗೆಯೇ ಕುಳಿತಿವೆ.

ಬೆಳಗಿನ ಚಳಿ ಇನ್ನೂ ಹೋಗಿಲ್ಲ. ಬಾಣಂತನದಲ್ಲಿ ಹೊದ್ದ ಶಾಲು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು, ಆ ಸಾಲಿಗೆ ಹೊದಿಸಿದೆ. ಉಳಿದ ಮೂರಕ್ಕೆ ಬೇಕಿಲ್ಲ, ಅವು ಗಟ್ಟಿ.

ಅಕ್ಕಿ ಆರಿಸುವುದು, ಕಾಳು ಬಿಡಿಸುವುದು ಎಲ್ಲ ಈಗ ಅಲ್ಲಿಯೇ, ಬಚ್ಚಲ ಕಟ್ಟೆಯ ಮೇಲೆ. ಅಲ್ಲಿ ಕುಳಿತರೆ ಗಿಡಗಳ ಮೇಲೆ ಕಣ್ಣಿಡಬಹುದು. ಒಂದು ವಿಚಿತ್ರವಿದೆ. ಸಮೃದ್ಧಿ ಅಳುವ ಸದ್ದು ಗೋಡೆಯಾಚೆಯಿಂದ ಬರಬೇಕು. ನನಗೆ ಅದು ಆ ಸಾಲಿನ ಕಡೆಯಿಂದ, ಕೆಳಗಿನಿಂದ ಬಂದಂತೆ ಕೇಳುತ್ತದೆ. ಬಚ್ಚಲ ಗೋಡೆ ಸದ್ದನ್ನು ತಿರುಗಿಸುತ್ತದೆಯೇನೋ. ಇವತ್ತು ಸಾವಂತ್ರವ್ವ ಮೊಮ್ಮಗಳನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿದ್ದಾಳೆಂದು ಸಂಜೆ ತಿಳಿಯಿತು. ಹಾಗಾದರೆ ಬೇರೆ ಯಾರದೋ ಮನೆಯ ಕೂಸಿರಬೇಕು.

೧೨ ಮಾರ್ಚ್, ಸೋಮವಾರ

ಗಿಡ ಯಾಕೆ ಬೆಳೆಯುತ್ತಿಲ್ಲ ಎಂಬುದು ಇವತ್ತು ಸಿಕ್ಕಿತು ಎಂದುಕೊಂಡೆ. ಅತ್ತೆ ಬಗ್ಗಿ ಆ ಸಾಲಿನ ಬುಡಕ್ಕೆ ಬಟ್ಟಲಿನಿಂದ ಏನನ್ನೋ ಹುಯ್ಯುತ್ತಿದ್ದರು.

"ಏನ ಹಾಕಾಕತ್ತೀರಿ ಅತ್ತಿ?"

ಬೆಚ್ಚಿಬಿದ್ದರು. "ಹಾಲ ಐತವಾ."

"ಟಮಾಟಿಗೆ ಯಾರ ಹಾಲ ಹಾಕತಾರ್ರಿ? ನೀವs ಹಿಂಗ ಏನರ ಹಾಕಿ ಹಾಕಿ ಸುಟ್ಟೀರಿ ಅವನ್ನ."

"ಇಲ್ಲೊಂದು ಹುತ್ತ ಇತ್ತು ಹಿಂದಕ. ನಾಗಪ್ಪಗ ಅಂತ ಸೋಮವಾರಕ್ಕೊಮ್ಮೆ…"

ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ಹುತ್ತದ ಸುದ್ದಿ ಇವತ್ತೇ ಕೇಳಿದ್ದು. ಬಾಯಿಗೆ ಬಂದಂತೆ ಅಂದೆ. ಎದುರು ಮಾತಾಡದೆ ಬಿಡುವವರಲ್ಲ ನಮ್ಮ ಅತ್ತೆ ಬಾಳವ್ವ, ಓಣಿಗೆಲ್ಲ ಗೊತ್ತು. ಇವತ್ತು ಮಾತ್ರ ಖಾಲಿ ಬಟ್ಟಲು ಹಿಡಿದು, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ಆಮೇಲೆ ನನಗೇ ಕೆಡುಕೆನಿಸಿತು. ಹಾಲಿನಿಂದ ಗಿಡ ಕುಗ್ಗುವುದಿಲ್ಲ ಎಂದು ನನಗೂ ಗೊತ್ತು.

೧೮ ಮಾರ್ಚ್, ಭಾನುವಾರ

ಸಾಬೂನಿನ ನೀರು ಇಂಗಿ ಹೀಗಾಗಿರಬಹುದು ಎಂದು ಊಟ ಬಡಿಸುವಾಗ ಅಂದಿದ್ದೆ, ಅಷ್ಟೇ. ಇವತ್ತು ಇವರು ಅಂಗಡಿ ಮುಚ್ಚಿ, ಆಳನ್ನೂ ಕರೆಯದೆ, ಬಚ್ಚಲ ಮೋರಿಯನ್ನು ಆ ಸಾಲಿನಿಂದ ದೂರಕ್ಕೆ ತಾವೇ ತಿರುಗಿಸಿದರು. ಇಟ್ಟಿಗೆ ಕೂಡಿಸಿ, ಸಿಮೆಂಟು ಬಳಿದು, ಒಂದು ಹನಿ ಇಂಗದಂತೆ. ಗಿಡದ ಹತ್ತಿರ ಬಂದಾಗ ಚಪ್ಪಲಿ ಬಿಟ್ಟರು. ಕಟ್ಟೆಯ ಮೇಲಿದ್ದ ಶಾಲನ್ನು ಮಡಿಚಿ ಇಟ್ಟರು, ಇದು ಯಾಕೆ ಇಲ್ಲಿ ಎಂದು ಕೇಳಲಿಲ್ಲ. ಗಿಡಗಳ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯನಿಗೆ ಹೆತ್ತ ಹೆಂಡತಿಯನ್ನು ಒಂದು ಮಾತು ಕೇಳಲು ಬಾಯಿಲ್ಲ. ಕೂಸಿನ ಹೆಸರು ಕೂಡ ಎತ್ತುವುದಿಲ್ಲ. ಹೆಸರೆಲ್ಲಿತ್ತು ಎತ್ತಲು?

೨೮ ಮಾರ್ಚ್, ಬುಧವಾರ. ಪಾರಿಶ್ವಾಡ

ಯುಗಾದಿಗೆ ತವರಿಗೆ ಬಂದೆ. ಅಪ್ಪ ನಾನು ತಂದಿದ್ದ ಸುಟ್ಟ ಎಲೆಯನ್ನು ತಿರುಗಿಸಿ ನೋಡಿದ. "ರೋಗ ಅಲ್ಲ ಇದು. ಬುಡದಾಗ ಏನೋ ಐತಿ. ಒಂದ ಗಿಡ ಕಿತ್ತ ಬೇರ ನೋಡು."

ಇವತ್ತು ಗೆಳತಿಯ ಮನೆಗೆಂದು ಸುಳ್ಳು ಹೇಳಿ, ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಗುಂಜಿಗೆ ಹೋದೆ. ಇವರ ಅಜ್ಜನ ಕಾಲದ ತುಂಡು ಹೊಲವನ್ನು ಅಲ್ಲಿ ಕರೆಪ್ಪ ಪಾಲಿಗೆ ಮಾಡುತ್ತಾನೆ. ಅಡವಿಯ ಅಂಚಿನ ಹೊಲ. ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ, ಹತ್ತಿರ ಹೋದರೆ ನನಗೆ ತಾನಾಗಿಯೇ ತಿಳಿಯುತ್ತದೆ ಎಂದು. ಬದುವಿನ ಮೇಲೆಲ್ಲ ನಡೆದೆ. ಏನೂ ತಿಳಿಯಲಿಲ್ಲ. ಬರೀ ಹೊಲ.

"ದೀಪಾವಳಿ ಮುಂದ ಸಾವಕಾರ್ರು ಬಂದಿದ್ರಲ್ಲ ಕರೆಪ್ಪ, ಎಲ್ಲಿ ತಗದ್ರು ಕುಣಿ?"

"ಯಾವ ಕುಣೀರಿ ಅವ್ವಾರ? ಸಾವಕಾರ್ರು ಆಗ ಈ ಕಡೆ ಹಾದೇ ಇಲ್ರಿ. ಭತ್ತ ಕಾಯಾಕ ನಾ ಇಲ್ಲೇ ಹೊಲದಾಗ ಮಕ್ಕೋತಿದ್ನಿ. ಯಾರೂ ಮಣ್ಣ ತಗದಿಲ್ಲ."

ನೀರು ಕೊಟ್ಟ. ಚೊಂಬನ್ನು ಬದುವಿನ ಮೇಲಿಟ್ಟು ಸ್ಟೇಶನ್ನಿನ ದಾರಿ ಹಿಡಿದೆ.

೨ ಏಪ್ರಿಲ್, ಸೋಮವಾರ. ಖಾಸಬಾಗ

ಗುಂಜಿಯಲ್ಲಿ ಇಲ್ಲ. ರುದ್ರಭೂಮಿಯಲ್ಲಿ ಇಟ್ಟಿದ್ದರೆ ಓಣಿಯವರಿಗೆ ಗೊತ್ತಿರುತ್ತಿತ್ತು. ಉಳಿದದ್ದು ಆಸ್ಪತ್ರೆ. ಪಕ್ಕದ ಹಾಸಿಗೆಯಲ್ಲಿದ್ದವಳು ಹೇಳಿದ್ದಳು, ಮನೆಯವರು ಒಯ್ಯದಿದ್ದರೆ ಅಲ್ಲಿನವರೇ ಏನಾದರೂ ಮಾಡುತ್ತಾರೆ ಎಂದು. ಏನಾದರೂ ಎಂದರೆ ಏನು? ರಕ್ತದ ಬಟ್ಟೆ, ಹತ್ತಿಯ ಜೊತೆಗೋ?

ಎತ್ತಿಕೊಂಡು ಹೋಗುವಂತೆ ಮಾಡಿ ಅಲ್ಲಿಯೇ ಬಿಟ್ಟು ಬಂದರೇನೋ. ಕೊಸರು ಕೊಡದ ಮನುಷ್ಯ, ಉಸಿರಿಲ್ಲದ ಕೂಸಿಗೆ ಏನು ಕೊಟ್ಟಾನು?

೩ ಏಪ್ರಿಲ್

ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾರು ಎಂದು ಹೆದರಿಕೆ.

೧೦ ಏಪ್ರಿಲ್, ಮಂಗಳವಾರ

ಒಂದು ಗಿಡ ಕಿತ್ತೆ. ಅತ್ತೆ ಅಡುಗೆಮನೆಯಿಂದ "ಕೀಳಬ್ಯಾಡ, ಕೀಳಬ್ಯಾಡ" ಎಂದು ಕೂಗುತ್ತ ಬಂದರು. ಅಷ್ಟರಲ್ಲಿ ಕೈಗೆ ಬಂದಿತ್ತು. ಬೇರು ಕೆಳಗೆ ಇಳಿದೇ ಇಲ್ಲ. ಎರಡು ಬೆರಳು ಇಳಿದು, ಮುಂದೆ ಹೋಗಲು ಅಂಜಿದಂತೆ ಅಡ್ಡಡ್ಡ ಹರಡಿದೆ. ಹುಳುವಿಲ್ಲ, ಗಂಟಿಲ್ಲ.

ಕಿತ್ತದ್ದನ್ನು ಮತ್ತೆ ಅಲ್ಲಿಯೇ ಊರಿದೆ. ತಪ್ಪಾಯಿತು ಎಂದೆ. ಗಿಡಕ್ಕೆ ಹೇಳಿದೆನೋ ಅತ್ತೆಗೆ ಹೇಳಿದೆನೋ, ಅತ್ತೆಯಂತೂ ತಮಗೇ ಎಂದುಕೊಂಡು ನನ್ನ ತಲೆ ಸವರಿದರು. ಎದೆಯಲ್ಲಿ ಹಾಲು ಬತ್ತಿ ಎಷ್ಟೋ ದಿನವಾಗಿತ್ತು. ಇವತ್ತು ಕುಪ್ಪಸ ಒದ್ದೆಯಾಯಿತು.

೨೬ ಏಪ್ರಿಲ್, ಗುರುವಾರ. ಬಸವ ಜಯಂತಿ

ಬಾವಿ ಕಡೆಯ ಹಣ್ಣು ಒಂದು ಬುಟ್ಟಿ ಬಂತು. ಇವರು ಅಂಗಡಿಗೆ ಒಯ್ದು ತೂಗಿ ಮಾರಿದರು. ನಾನು ಒಂದೂ ತಿನ್ನಲಿಲ್ಲ. ಬಚ್ಚಲ ಬದಿಯದು ಗೇಣುದ್ದವೂ ಆಗಿಲ್ಲ, ಹೂವಿಲ್ಲ. ಕಿತ್ತು ಒಗೆದು ಮೆಂತ್ಯ ಹಾಕು ಎಂದು ಸಾವಂತ್ರವ್ವ ಹೇಳಿದಳು. ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಕೂಸಿನ ಲಿಂಗ ನೆನಪಾಯಿತು. ಎಂಟನೆಯ ತಿಂಗಳಲ್ಲಿ ಸ್ವಾಮಿಗಳು ಹೊಟ್ಟೆಯಲ್ಲಿದ್ದ ಕೂಸಿಗೆಂದು ಕಟ್ಟಿದ ಲಿಂಗ, ನನ್ನದರ ಜೊತೆಗೆ ಕೊರಳಲ್ಲೇ ಇತ್ತು. ಹುಟ್ಟಿದ ಮೇಲೆ ಕೂಸಿಗೆ ಕಟ್ಟಬೇಕಾದದ್ದು. ಆಸ್ಪತ್ರೆಯಿಂದ ಬಂದಾಗ ಒಂದೇ ಇತ್ತು. ಅತ್ತೆಯನ್ನು ಕೇಳಿದೆ. "ಐತವಾ, ಇರೂ ಕಡೆ ಐತಿ" ಎಂದರು. ಎಲ್ಲಿ ಎನ್ನುವಷ್ಟರಲ್ಲಿ ಎದ್ದು ಹೋದರು.

೮ ಮೇ, ಮಂಗಳವಾರ

ಉಪ್ಪು.

೧೦ ಮೇ, ಗುರುವಾರ

ಈಗ ಬರೆಯಬಲ್ಲೆ.

ಬಿಸಿಲು ಸುಡುತ್ತಿದೆ. ಮೊನ್ನೆ ಮಧ್ಯಾಹ್ನ ಆ ಸಾಲಿಗೆ ನೀರು ಹಾಕಲು ಹೋದೆ. ಒಣಗಿದ ನೆಲದ ಮೇಲೆ ಬಿಳಿಯ ಪೊರೆ ಎದ್ದಿತ್ತು. ಸುಣ್ಣವಿರಬೇಕೆಂದು ಬೆರಳಿಗೆ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು. ಬಾವಿಯ ನೀರು ಸಿಹಿ, ಉಳಿದ ಮೂರು ಸಾಲಿನಲ್ಲಿ ಈ ಬಿಳುಪಿಲ್ಲ. ಹಿತ್ತಲ ಮೂಲೆಯ ಮಣ್ಣಿನೊಳಗೆ ಉಪ್ಪು ಎಲ್ಲಿಂದ ಬರುತ್ತದೆ?

ನಾನು ಚಿಕ್ಕವಳಿದ್ದಾಗ ಪಾರಿಶ್ವಾಡದ ಹೊಲದಲ್ಲಿ ಅಜ್ಜನಿಗೆ ಮಣ್ಣು ಕೊಟ್ಟದ್ದನ್ನು ನೋಡಿದ್ದೆ. ಅಜ್ಜನನ್ನು ಕುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತಲೂ ವಿಭೂತಿ, ಪತ್ರಿ, ಉಪ್ಪು ತುಂಬಿದರು. ಗಾಡಿಯಿಂದ ಉಪ್ಪಿನ ಚೀಲ ಇಳಿಸಿದ್ದು ಕಣ್ಣಿಗೆ ಕಟ್ಟಿದೆ. ಅಜ್ಜನಿಗೆ ಇಷ್ಟು ಉಪ್ಪು ಯಾಕೆ ಎಂದು ಕೇಳಿ ಅವ್ವನಿಂದ ಏಟು ತಿಂದಿದ್ದೆ.

ನೀರಿನ ಬಿಂದಿಗೆ ಅಲ್ಲಿಯೇ ಇಟ್ಟೆ. ಕೈ ಹಚ್ಚಿ ಅಗೆಯಬೇಕೆನ್ನಿಸಿತು, ಅಗೆಯಲಿಲ್ಲ. ಅಂಗೈ ಊರಿ ಕುಳಿತೆ. ನೆಲ ಕಾದಿತ್ತು. ಎಷ್ಟೋ ಹೊತ್ತಿನ ಮೇಲೆ ಅತ್ತೆ ಬಂದು ಬಾಜು ಕುಳಿತರು. ಮಂಡಿನೋವಿನವರು, ನೆಲಕ್ಕೆ ಕೂರುವುದು ಬಿಟ್ಟು ವರ್ಷಗಳಾಗಿವೆ.

"ಇಲ್ಲೇ ಏನ್ರಿ?" ಎಂದೆ.

"ಇಲ್ಲೇ ನನ್ನವ್ವಾ."

ಆಮೇಲೆ ತಾವಾಗಿಯೇ ಹೇಳಿದರು. "ಹಲ್ಲ ಬರದ ಕೂಸನ್ನ ದೂರ ಒಯ್ಯಬಾರದು ಅಂತಾರ. ಮನೀ ಹಿತ್ತಲದಾಗ ಇಟ್ರ ಅದs ಒಡಲಿಗೆ ತಿರುಗಿ ಬರತೈತಂತ. ನಾನs ಅಂದೆ ಇಲ್ಲೇ ಇಡೂಣು ಅಂತ. ನಿನಗ ಹೇಳಿದ್ರ ನೀ ಇಲ್ಲೇ ಕುಂತಬಿಡತಿ, ಏಳೂದಿಲ್ಲ ಅಂತ ಅವಗ ಅಂಜಿಕಿ. ಅದಕ್ಕ ಗುಂಜಿ ಅಂದ."

ಹೇಳದಿದ್ದರೂ ನಾನು ಫೆಬ್ರವರಿಯಿಂದ ಇಲ್ಲಿಯೇ ಕುಳಿತಿದ್ದೇನೆ.

"ಅಷ್ಟ ಸಣ್ಣ ಕೂಸಿಗೆ ಉಪ್ಪ ಯಾಕ್ರಿ ಅತ್ತಿ? ಯಾರೂ ಹಾಕೂದಿಲ್ಲಲ್ಲ."

"ನಾನೂ ಅದs ಅಂದೆ. ಒಂದ ಬೊಗಸಿ ಸಾಕೋ ಯಪ್ಪಾ ಅಂದೆ. ಕೇಳಲಿಲ್ಲ. ನಮ್ಮಪ್ಪಗ ಹೆಂಗ ಮಾಡೇನಿ ನನ್ನ ಮಗಗೂ ಹಂಗs ಮಾಡತೇನಿ ಅಂದ. ಕುಣಿ ತಾನs ತಗದ. ಕುಂದರಿಸಾಕ ಹ್ವಾದ್ರ ಆ ಮೈ ಎಲ್ಲಿ ಕುಂದರತೈತಿ? ಗೋಣ ನಿಲ್ಲವಲ್ದು, ಹೊರಳಿ ಹೊರಳಿ ಬೀಳತೈತಿ. ಒಂದ ಕೈಲೆ ಕೂಸಿನ ಬೆನ್ನ ಹಿಡಕೊಂಡs ಕುಣಿಯಾಗ ಕುಂತಿದ್ದ. ಅಂಗಡೀಲಿಂದ ಚೀಲಾ ತಂದಿದ್ದ. ಬೀಳಬಾರದು ಅಂತ ಸುತ್ತಲೂ ಉಪ್ಪ ತುಂಬಿದ, ತುಂಬಿದ, ಕುತಗಿ ಮಟಾ ತುಂಬಿದ. ಅವಾಗ ನಿಂತಿತು ಗೋಣ. ಲಿಂಗ ಅಂಗೈಯಾಗ ಇಟ್ಟ, ಬೆರಳ ಮುಚ್ಚಿದ."

"ಮುಖ ಹೆಂಗಿತ್ರಿ?"

"ನಿಮ್ಮಪ್ಪನ ಮೂಗು" ಎಂದರು. ಇಬ್ಬರೂ ಅತ್ತೆವು, ಬಾಯಿ ಬಿಟ್ಟು ಅತ್ತೆವು. ಸಾವಂತ್ರವ್ವ ಗೋಡೆಯ ಮೇಲೆ ಇಣುಕಿದ್ದಳು. ಇಣುಕಿಕೊಳ್ಳಲಿ.

೨೦ ಮೇ, ಭಾನುವಾರ

ಅತ್ತೆ ಇವರಿಗೆ ಹೇಳಿರಬೇಕು. ನಾವಿಬ್ಬರೂ ಆ ಮಾತು ಎತ್ತಿಲ್ಲ. ಆದರೆ ಇವತ್ತು ಇವರು ನಾಲ್ಕನೆಯ ಸಾಲಿಗೂ ಆಸರೆಯ ಕೋಲು ನೆಟ್ಟಿದ್ದಾರೆ. ಗಿಡ ಗೇಣುದ್ದವಿಲ್ಲ, ಕೋಲು ಆಳೆತ್ತರ. ಯಾರಾದರೂ ನೋಡಿದರೆ ನಗುತ್ತಾರೆ. ನಾನು ಪ್ರತಿ ಗಿಡವನ್ನೂ ಅದರದರ ಕೋಲಿಗೆ ಹಳೆ ಸೀರೆಯ ಅಂಚಿನಿಂದ ಕಟ್ಟಿದೆ, ಸಡಿಲಾಗಿ.

ಅಪ್ಪನಿಗೆ ಫೋನಿನಲ್ಲಿ ಬರೀ ಉಪ್ಪಿನ ವಿಷಯ ಹೇಳಿದೆ. "ಸವಳ ಮಣ್ಣಿಗೆ ಸಿಹಿ ನೀರs ಔಷಧ. ಕೊಡಾನಗಟ್ಟಲೆ ಸುರುವು, ಉಪ್ಪು ಕೆಳಗ ಇಳೀತೈತಿ" ಎಂದ. ನಾನು ಸುರಿಯಲಿಲ್ಲ. ಅವರು ಹಾಕಿದ್ದನ್ನು ನಾನು ತೊಳೆಯಲೇ? ಬೆಳೆಯದಿದ್ದರೆ ಬೇಡ, ಸಣ್ಣದಾಗಿಯೇ ಇರಲಿ.

೭ ಜೂನ್, ಗುರುವಾರ

ಮಳೆ ನನ್ನನ್ನು ಕೇಳಿ ಬರುವುದಿಲ್ಲ. ಮೂರು ದಿನದಿಂದ ಒಂದೇ ಸಮನೆ ಹೊಡೆಯುತ್ತಿದೆ. ಬಿಳಿಯ ಪೊರೆ ಮೊದಲ ದಿನವೇ ಕರಗಿಹೋಯಿತು. ಇವತ್ತು ಬೆಳಿಗ್ಗೆ ನೋಡಿದರೆ ಆ ಸಾಲಿನ ಎಲ್ಲ ಗಿಡಗಳ ತುದಿಯಲ್ಲೂ ತಿಳಿಹಸಿರಿನ ಹೊಸ ಚಿಗುರು. ನನಗೆ ಸಂತೋಷವಾಗಬೇಕಿತ್ತು. ಉಪ್ಪು ಇಳಿದುಹೋದರೆ ಅವನ ಗೋಣು ಯಾರು ಹಿಡಿಯುತ್ತಾರೆ ಎನ್ನಿಸಿತು. ಹುಚ್ಚು ಯೋಚನೆ. ಆದರೂ ಬಂತು.

ಅಳುವ ಸದ್ದು ಈಗ ಕೇಳುವುದಿಲ್ಲ. ಅದನ್ನೂ ನಾನು ಕಾಯುತ್ತಿದ್ದೆನೇನೋ.

ಸಂಜೆ ಗಿರಾಕಿಯಿಲ್ಲವೆಂದು ಇವರು ಬೇಗ ಬಂದರು. ಒಳಗೆ ಬರಲಿಲ್ಲ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ಬಚ್ಚಲ ಬದಿಯಲ್ಲಿ ನಿಂತು ಚಿಗುರು ನೋಡುತ್ತಿದ್ದರು. ನಾನೂ ಹೋಗಿ ಬಾಜು ನಿಂತೆ. ಕೊಪ್ಪೆಯನ್ನು ನನ್ನ ತಲೆಯ ಮೇಲಕ್ಕೂ ಸರಿಸಿದರು, ಇಬ್ಬರಿಗೂ ಸಾಲಲಿಲ್ಲ, ಇಬ್ಬರೂ ನೆನೆದೆವು. ತಿಂಗಳುಗಟ್ಟಲೆ ನಾಲಿಗೆಯ ತುದಿಯಲ್ಲಿದ್ದ ನೂರು ಪ್ರಶ್ನೆಗಳಲ್ಲಿ ಬಾಯಿಗೆ ಬಂದದ್ದು ಒಂದೇ.

"ರೀ, ಉಪ್ಪ ಎಷ್ಟ ಹಾಕಿದ್ರಿ?"

ಯಾವ ಉಪ್ಪು ಎಂದು ಕೇಳಲಿಲ್ಲ. ಕೈಯಲ್ಲಿ ಎತ್ತಿ ನೋಡಿ ಯಾವುದರ ತೂಕವನ್ನೂ ತಪ್ಪದೆ ಹೇಳುವ ಮನುಷ್ಯ, ತಮ್ಮ ಎರಡೂ ಅಂಗೈಗಳನ್ನು ಮಳೆಗೆ ಒಡ್ಡಿ ಬಹಳ ಹೊತ್ತು ನೋಡಿಕೊಂಡರು.

"ತೂಗಲಿಲ್ಲ" ಎಂದರು.